ಮೋಟಾರು ವಾಹನದ ಡೈನಮೊ: ದೋಷಗಳೂ ದುರಸ್ತಿಯೂ

ಎಂಜಿನ್ ತಿರುಗುವಾಗ ಅದರ ಶಕ್ತಿಯ ಒಂದು ಪಾಲನ್ನು ನೇರ ವಿದ್ಯುತ್ತಾಗಿ ಮಾರ್ಪಡಿಸಿ, ದೀಪ ಹಾರನ್ನುಗಳಿಗೆ ಒದಗಿಸಿ, ಉಳಿದದ್ದನ್ನು ಬ್ಯಾಟರಿಗೆ ತುಂಬುವ ಯಂತ್ರ ಡೈನಮೊ. 1910ರ ದಶಕದಿಂದ 1960ರ ದಶಕದವರೆಗೆ ಜಗತ್ತಿನ ಬಹುಪಾಲು ಕಾರು, ಬಸ್ಸು, ಲಾರಿಗಳಲ್ಲಿ ಇದ್ದದ್ದು ಇದೇ. ಭಾರತದ ರಸ್ತೆಗಳಲ್ಲಿ ಅದು ಇನ್ನಷ್ಟು ಕಾಲ ಬಾಳಿತು. ಆಮೇಲೆ ಆಲ್ಟರ್ನೇಟರ್ ಅದರ ಜಾಗ ಹಿಡಿಯಿತು. ತಿರುಗುವ ಆರ್ಮೇಚರು, ಅದರ ಸುತ್ತ ಕಾಂತಕ್ಷೇತ್ರ ಉಂಟುಮಾಡುವ ಫೀಲ್ಡ್ ಕಾಯಿಲ್‌ಗಳು, ತಾಮ್ರದ ಪಟ್ಟಿಗಳ ಕಮ್ಯುಟೇಟರು, ಅದರ ಮೇಲೆ ಒತ್ತಿ ಕೂರುವ ಕಾರ್ಬನ್ ಬ್ರಷ್ಷುಗಳು, ಎರಡು ತುದಿಯ ಬುಷ್ ಮತ್ತು ಬೇರಿಂಗು, ಹೊರಗೆ ಕಟೌಟ್ ಎಂಬ ಚಿಕ್ಕ ಪೆಟ್ಟಿಗೆ, ಇಷ್ಟೇ ಅದರ ಸಂಸಾರ. ಇದರಲ್ಲಿ ಕೆಡದ ಭಾಗವಿಲ್ಲ. ಆದರೆ ಕೆಟ್ಟ ಡೈನಮೊಗಳ ಇತಿಹಾಸ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಸುಟ್ಟ ಭಾಗ ಒಂದು, ಸುಡಿಸಿದ ಕಾರಣ ಇನ್ನೊಂದು. ಆರ್ಮೇಚರನ್ನು ಹೊಸದಾಗಿ ಸುತ್ತಿಸಿ ಹಾಕಿದ ಗಾಡಿ ಸ್ವಲ್ಪ ದಿನಕ್ಕೇ ಮತ್ತೆ ಅದೇ ಅಂಗಡಿಯ ಮುಂದೆ ನಿಲ್ಲುತ್ತಿದ್ದುದು ಇದಕ್ಕೇ.

ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸೀಮೆ ಈ ಯಂತ್ರದ ಗುಣದೋಷಗಳನ್ನು ಅರಿಯಲು ತಕ್ಕ ಜಾಗ. ಈ ನಾಲ್ಕು ತಾಲ್ಲೂಕು ಕೇಂದ್ರಗಳಿಗೂ 20ನೆಯ ಶತಮಾನ ಮುಗಿಯುವವರೆಗೆ ರೈಲು ಬರಲಿಲ್ಲ. ಜನ ಹೋಗಬೇಕಾದರೂ ಬಸ್ಸು, ಕಡಲೆಕಾಯಿ ಮೂಟೆ ಚಳ್ಳಕೆರೆಯ ಎಣ್ಣೆ ಗಿರಣಿಗೆ ಹೋಗಬೇಕಾದರೂ ಲಾರಿ. ಮಳೆ ಕಡಿಮೆ, ಬಿಸಿಲು ಹೆಚ್ಚು, ರಸ್ತೆ ಆ ಕಾಲಕ್ಕೆ ಮಣ್ಣಿನದು. ಮೂರು ದಿಕ್ಕಿನಲ್ಲಿ ಆಂಧ್ರ ಸುತ್ತುವರಿದ ಪಾವಗಡದಂಥ ತಾಲ್ಲೂಕಿನಲ್ಲಿ ಕೆಟ್ಟ ಗಾಡಿಗೆ ಹತ್ತಿರದ ದೊಡ್ಡ ಪೇಟೆ ಎಂದರೆ ಹಿಂದೂಪುರ, ಇಲ್ಲವೇ ನೂರು ಕಿಲೋಮೀಟರಿನಷ್ಟು ದೂರದ ತುಮಕೂರು. ಎಷ್ಟೋ ಹಳ್ಳಿಗಳಲ್ಲಿ ವಿದ್ಯುತ್ ಕಂಬ ನೆಡುವ ಮೊದಲೇ ಬಸ್ಸಿನ ಹೆಡ್‌ಲೈಟು ಊರ ಬಾಗಿಲಿಗೆ ಬಂದಿತ್ತು.

ಡೈನಮೊಗೆ ಮುಂಚೆ

ಮೊದಲ ಮೋಟಾರುಗಳಲ್ಲಿ ವಿದ್ಯುತ್ ಬೇಕಾಗುತ್ತಿದ್ದುದು ಪೆಟ್ರೋಲಿಗೆ ಕಿಡಿ ಹೊತ್ತಿಸಲು ಮಾತ್ರ. ಆ ಕೆಲಸವನ್ನು ಶಾಶ್ವತ ಕಾಂತದಿಂದ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊ ಮಾಡುತ್ತಿತ್ತು. ಜರ್ಮನಿಯ ರಾಬರ್ಟ್ ಬಾಷ್‌ನ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ರೂಪಿಸಿದ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಸ್ಪಾರ್ಕ್ ಪ್ಲಗ್ಗಿನೊಂದಿಗೆ ಜಗತ್ತಿನಾದ್ಯಂತ ಹರಡಿತು. ದೀಪಕ್ಕೆ ಕಾರ್ಬೈಡ್ ಗ್ಯಾಸು. ಎಂಜಿನ್ ಚಾಲೂ ಮಾಡಲು ಕ್ಲೀನರ್ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಸ್ಟಾರ್ಟರಿಗೆ ಬ್ಯಾಟರಿ ಬೇಕು, ಬ್ಯಾಟರಿಗೆ ಚಾರ್ಜು ಬೇಕು, ಹೀಗೆ ಡೈನಮೊ ಅನಿವಾರ್ಯವಾಯಿತು. ಆ ಮೊದಲ ಏರ್ಪಾಟಿನಲ್ಲಿ ಸ್ಟಾರ್ಟರೂ ಡೈನಮೊವೂ ಒಂದೇ ಯಂತ್ರ. ಚಾಲೂ ಮಾಡುವಾಗ 24 ವೋಲ್ಟಿನಲ್ಲಿ ಮೋಟಾರಾಗಿ, ಓಡುವಾಗ 6 ವೋಲ್ಟಿನಲ್ಲಿ ಡೈನಮೊ ಆಗಿ ಅದು ದುಡಿಯುತ್ತಿತ್ತು. ಜಾಣತನದ್ದು ಹೌದು, ದುರಸ್ತಿ ಮಾಡುವವನಿಗೆ ತಲೆನೋವಿನದ್ದೂ ಹೌದು. ಬೇಗನೆ ಎರಡನ್ನೂ ಬೇರ್ಪಡಿಸಲಾಯಿತು. ಫೋರ್ಡ್ ಮಾಡೆಲ್ ಟಿ ಗಾಡಿಗೆ ಬ್ಯಾಟರಿ, ಸ್ಟಾರ್ಟರು, ಡೈನಮೊ ಬಂದದ್ದು 1919ರಲ್ಲಿ.

ಮೈಸೂರು ಸಂಸ್ಥಾನ ಅಷ್ಟರಲ್ಲಾಗಲೇ ವಿದ್ಯುತ್ತಿಗೆ ಹೊಸದಾಗಿರಲಿಲ್ಲ. ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸುತ್ತಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತ್ತು. ಆದರೆ ವಿದ್ಯುತ್ ಕೇಂದ್ರದ ಜನರೇಟರಿಗೂ ಮೋಟಾರಿನ ಡೈನಮೊಗೂ ಒಂದು ದೊಡ್ಡ ವ್ಯತ್ಯಾಸ. ಕೇಂದ್ರದ ಯಂತ್ರ ಒಂದೇ ವೇಗದಲ್ಲಿ ತಿರುಗುತ್ತದೆ. ಬಸ್ಸಿನದು ನಿಲ್ದಾಣದಲ್ಲಿ ಮೆಲ್ಲಗೆ, ಇಳಿಜಾರಿನಲ್ಲಿ ಐದಾರು ಪಟ್ಟು ಜೋರಾಗಿ ತಿರುಗುತ್ತದೆ. ಡೈನಮೊದ ವೋಲ್ಟೇಜು ವೇಗದೊಂದಿಗೆ ಏರುತ್ತದೆ. ಅದನ್ನು ಹಿಡಿದು ನಿಲ್ಲಿಸದಿದ್ದರೆ ಮೊದಲು ಬಲ್ಬು ಹೋಗುತ್ತದೆ, ಆಮೇಲೆ ಬ್ಯಾಟರಿ ಕುದಿಯುತ್ತದೆ, ಕೊನೆಗೆ ಡೈನಮೊ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಮೊದಲ ಮೂವತ್ತು ವರ್ಷಗಳ ಎಂಜಿನಿಯರುಗಳ ತಲೆಕೆಡಿಸಿದ ಪ್ರಶ್ನೆ ಇದೊಂದೇ ಎಂದರೂ ತಪ್ಪಾಗದು.

ಮೂರನೆಯ ಬ್ರಷ್ಷು

ಈ ಪ್ರಶ್ನೆಗೆ ಸಿಕ್ಕ ಅಗ್ಗದ, ಬಹುಕಾಲ ಬಾಳಿದ ಉತ್ತರ ಮೂರನೆಯ ಬ್ರಷ್ಷು. ಸಾಮಾನ್ಯ ಡೈನಮೊದಲ್ಲಿ ಎರಡೇ ಬ್ರಷ್ಷು. ಅವುಗಳ ನಡುವೆ ಇನ್ನೊಂದು ಸಣ್ಣ ಬ್ರಷ್ಷನ್ನು ಕೂರಿಸಿ ಫೀಲ್ಡ್ ಕಾಯಿಲ್‌ಗೆ ಅದರಿಂದ ವಿದ್ಯುತ್ ಕೊಡಲಾಗುತ್ತಿತ್ತು. ಆರ್ಮೇಚರಿನಲ್ಲಿ ಪ್ರವಾಹ ಹೆಚ್ಚಿದಂತೆ ಅದರದೇ ಕಾಂತಪ್ರಭಾವದಿಂದ ಫೀಲ್ಡಿನ ಕಾಂತಕ್ಷೇತ್ರ ಒಂದು ಬದಿಗೆ ವಾಲುತ್ತದೆ. ಆಗ ಮೂರನೆಯ ಬ್ರಷ್ಷಿನ ಪಾಲಿಗೆ ಸಿಗುವ ವೋಲ್ಟೇಜು ಇಳಿಯುತ್ತದೆ, ಫೀಲ್ಡ್ ಸೊರಗುತ್ತದೆ, ಉತ್ಪಾದನೆ ತಾನಾಗಿ ಹಿಡಿತಕ್ಕೆ ಬರುತ್ತದೆ. ಮಧ್ಯಮ ವೇಗದಲ್ಲಿ ಚಾರ್ಜು ತುದಿ ಮುಟ್ಟಿ, ವೇಗ ಇನ್ನೂ ಹೆಚ್ಚಿದರೆ ಕಡಿಮೆಯಾಗುತ್ತದೆ. ಇದಕ್ಕೆಂದೇ ಬೇರೆ ಉಪಕರಣವಿಲ್ಲ, ಸ್ಪ್ರಿಂಗಿಲ್ಲ, ಪಾಯಿಂಟಿಲ್ಲ. ಫೋರ್ಡ್, ಷೆವರ್ಲೆ, ಡಾಡ್ಜ್ ಹೀಗೆ ಅಮೆರಿಕದ ಬಹುತೇಕ ಗಾಡಿಗಳೂ ಬ್ರಿಟನ್ನಿನ ಲೂಕಾಸ್ ಡೈನಮೊ ಹೊತ್ತ ಕಾರುಗಳೂ 1930ರ ದಶಕದ ನಡುವಿನವರೆಗೆ ಇದನ್ನೇ ನಂಬಿದ್ದವು.

ಇದರ ದೌರ್ಬಲ್ಯ ಇರುವುದು ಒಂದು ಷರತ್ತಿನಲ್ಲಿ. ಮೂರನೆಯ ಬ್ರಷ್ಷು ಹಿಡಿತದಲ್ಲಿಡುವುದು ಪ್ರವಾಹವನ್ನು, ವೋಲ್ಟೇಜನ್ನಲ್ಲ. ವೋಲ್ಟೇಜನ್ನು ಹಿಡಿದಿಡುವುದು ಬ್ಯಾಟರಿ. ಬ್ಯಾಟರಿಯ ಟರ್ಮಿನಲ್ ಸಡಿಲವಾದರೆ, ಅದರ ಮೇಲೆ ಬಿಳಿ ಹಸಿರು ಉಪ್ಪು ಕಟ್ಟಿದರೆ, ಬಾಡಿಗೆ ಬಿಗಿದ ಅರ್ತ್ ತಂತಿ ತುಕ್ಕು ಹಿಡಿದರೆ, ಪ್ರವಾಹಕ್ಕೆ ದಾರಿ ಇಲ್ಲದಾಗುತ್ತದೆ. ಪ್ರವಾಹ ಇಲ್ಲದೆ ಕಾಂತಕ್ಷೇತ್ರ ವಾಲುವುದಿಲ್ಲ. ಅದು ವಾಲದೆ ಫೀಲ್ಡ್ ಸೊರಗುವುದಿಲ್ಲ. ವೋಲ್ಟೇಜು ಮೇಲೆ ಮೇಲೆ ಹೋಗುತ್ತದೆ. ಫೀಲ್ಡ್ ಕಾಯಿಲಿನ ಹತ್ತಿ ಹೊದಿಕೆ ಕರಕಲಾಗುತ್ತದೆ. ಬಿಚ್ಚಿ ನೋಡಿದವನಿಗೆ ಸುಟ್ಟ ಕಾಯಿಲ್ ಕಾಣುತ್ತದೆ, ಮಾರುದ್ದ ಆಚೆಯ ಸಡಿಲ ನಟ್ಟು ಕಾಣುವುದಿಲ್ಲ. ಇದನ್ನರಿತ ಲೂಕಾಸ್ ಕಂಪನಿ ಫೀಲ್ಡಿನ ದಾರಿಯಲ್ಲಿ ಒಂದು ಫ್ಯೂಸ್ ಇಟ್ಟಿತು: ಬ್ಯಾಟರಿ ಕಳಚಿಕೊಂಡರೆ ಫ್ಯೂಸ್ ಹೋಗುತ್ತದೆ, ಕಾಯಿಲ್ ಉಳಿಯುತ್ತದೆ. ಆ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಿ 'ಇನ್ನು ಹೋಗುವುದಿಲ್ಲ' ಎಂದು ಸಮಾಧಾನ ಪಟ್ಟವರು ಆಮೇಲೆ ಕಾಯಿಲ್ ಸುತ್ತಿಸಿದ್ದಾರೆ. ಮಾಡೆಲ್ ಟಿ ಗಾಡಿಯನ್ನು ಬ್ಯಾಟರಿ ಇಲ್ಲದೆ ಮ್ಯಾಗ್ನೆಟೊ ಮೇಲೆ ಓಡಿಸುವಾಗ ಡೈನಮೊದ ಟರ್ಮಿನಲನ್ನು ಒಂದು ತುಂಡು ತಂತಿಯಿಂದ ಬಾಡಿಗೆ ಸೇರಿಸಿಬಿಡಬೇಕು ಎಂಬ ಪಾಠವೂ ಇದೇ ಕಾರಣಕ್ಕೆ ಹುಟ್ಟಿದ್ದು. ಟರ್ಮಿನಲ್ ಬಾಡಿಗೆ ತಾಗಿದ್ದರೆ ಡೈನಮೊ ತನ್ನ ಫೀಲ್ಡನ್ನು ತಾನು ಕಟ್ಟಿಕೊಳ್ಳಲಾರದು, ಸುಮ್ಮನೆ ತಿರುಗುತ್ತದೆ.

ಎರಡನೆಯ ದೌರ್ಬಲ್ಯ ನಮ್ಮ ಹವೆಗೆ ಸಂಬಂಧಿಸಿದ್ದು. ಚಳಿಯ ದೇಶದಲ್ಲಿ ಜನ ದೀಪ ಹಚ್ಚಿಕೊಂಡು ಕಡಿಮೆ ದೂರ ಓಡಿಸುತ್ತಾರೆ. ಶಿರಾದಿಂದ ಬೆಳಿಗ್ಗೆ ಹೊರಟು ಬಿಸಿಲಲ್ಲೇ ದಿನವಿಡೀ ಓಡುವ ಗಾಡಿಗೆ ದೀಪ ಬೇಡ. ಆದರೂ ಮೂರನೆಯ ಬ್ರಷ್ಷಿನ ಡೈನಮೊ ಬ್ಯಾಟರಿ ತುಂಬಿತೋ ಇಲ್ಲವೋ ಎಂದು ಕೇಳದೆ ಅಷ್ಟೇ ಚಾರ್ಜನ್ನು ತುರುಕುತ್ತಲೇ ಇರುತ್ತದೆ. ಬ್ಯಾಟರಿಯ ನೀರು ಆವಿಯಾಗಿ ಪ್ಲೇಟುಗಳು ಬರಿದಾಗುತ್ತವೆ. ಲೂಕಾಸ್ ಗಾಡಿಗಳ ಸ್ವಿಚ್ಚಿನಲ್ಲಿ ಬೇಸಿಗೆಗೆ ಅರ್ಧ ಚಾರ್ಜು, ಚಳಿಗಾಲಕ್ಕೆ ಪೂರ್ತಿ ಚಾರ್ಜು ಎಂಬ ಎರಡು ಗುರುತುಗಳಿದ್ದುದು ಇದಕ್ಕಾಗಿ. ಅಮೆರಿಕದ ಗಾಡಿಗಳಲ್ಲಿ ಬ್ರಷ್ಷನ್ನೇ ಸರಿಸಬೇಕು: ಆರ್ಮೇಚರ್ ತಿರುಗುವ ದಿಕ್ಕಿಗೆ ಸರಿಸಿದರೆ ಚಾರ್ಜು ಹೆಚ್ಚು, ಎದುರು ದಿಕ್ಕಿಗೆ ಸರಿಸಿದರೆ ಕಡಿಮೆ. ಹಗಲು ಹೊತ್ತಿನಲ್ಲಿ ಬೇಕೆಂದೇ ಹೆಡ್‌ಲೈಟು ಹಾಕಿಕೊಂಡು ಹೋಗುವ ಹಳೆಯ ಚಾಲಕರ ಅಭ್ಯಾಸ ನೋಡುವವರಿಗೆ ಮರೆವಿನಂತೆ ಕಂಡರೂ ಅದರ ಹಿಂದೆ ಲೆಕ್ಕವಿತ್ತು. ಹೆಚ್ಚುವರಿ ಚಾರ್ಜನ್ನು ದೀಪದಲ್ಲಿ ಕರಗಿಸುವ ಉಪಾಯವದು.

ಬರಿದಾದ ಬ್ಯಾಟರಿಗೆ ಏನು ನೀರು ಹಾಕುತ್ತೀರಿ ಎಂಬುದು ಪಾವಗಡ ಸೀಮೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಇಲ್ಲಿನ ಅಂತರ್ಜಲ ಗಡಸು, ಫ್ಲೋರೈಡಿಗೆ ಹೆಸರಾದದ್ದು. ಬಟ್ಟಿ ಇಳಿಸಿದ ನೀರು ಸಿಗದ ಕಡೆ ಬಾವಿಯ ನೀರನ್ನೇ ಸುರಿದರೆ ಅದರ ಕ್ಲೋರೈಡು, ಕಬ್ಬಿಣದ ಅಂಶಗಳು ಬ್ಯಾಟರಿಯನ್ನು ಒಳಗಿಂದೊಳಗೆ ಖಾಲಿ ಮಾಡುತ್ತವೆ. ಬಟ್ಟಿ ನೀರಿಲ್ಲದಿದ್ದರೆ ಬಯಲಿನಲ್ಲಿ ನೇರ ಹಿಡಿದ ಮಳೆನೀರು ಅದಕ್ಕಿಂತ ಎಷ್ಟೋ ಮೇಲು. ಬಳಲಿದ ಬ್ಯಾಟರಿಯನ್ನು ಕಂಡು 'ಚಾರ್ಜು ಸಾಲದು' ಎಂದು ಮೂರನೆಯ ಬ್ರಷ್ಷನ್ನು ಮುಂದಕ್ಕೆ ಸರಿಸಿದರೆ ಡೈನಮೊ ಬಿಸಿಯೇರುತ್ತದೆ. ಆರ್ಮೇಚರಿನ ತಂತಿಗಳನ್ನು ಕಮ್ಯುಟೇಟರಿಗೆ ಹಿಡಿದಿಟ್ಟ ತವರ ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗತೊಡಗುತ್ತದೆ. ತಿರುಗುವ ವೇಗಕ್ಕೆ ಸಿಡಿದು ಡೈನಮೊದ ಮುಚ್ಚಳದ ಒಳಗೋಡೆಗೆ ಬಳೆಯಂತೆ ಅಂಟಿಕೊಳ್ಳುತ್ತದೆ. ಆ ಬೆಸುಗೆಯ ಬಳೆ ಕಂಡವನು ಆರ್ಮೇಚರನ್ನು ಮಾತ್ರ ಸರಿಪಡಿಸಿ ಕೈತೊಳೆದುಕೊಳ್ಳಬಾರದು. ಬ್ರಷ್ಷಿನ ಸ್ಥಾನ, ಬ್ಯಾಟರಿಯ ಸ್ಥಿತಿ, ಅದರ ಎರಡು ತಂತಿಗಳ ತುದಿ ಇವನ್ನೂ ನೋಡಬೇಕು.

ಕಟೌಟ್

ಎಂಜಿನ್ ನಿಂತಾಗ ಅಥವಾ ತೀರ ಮೆಲ್ಲಗೆ ತಿರುಗುವಾಗ ಡೈನಮೊದ ವೋಲ್ಟೇಜು ಬ್ಯಾಟರಿಗಿಂತ ಕಡಿಮೆ. ಆಗ ಎರಡಕ್ಕೂ ಸಂಪರ್ಕ ಇದ್ದರೆ ಬ್ಯಾಟರಿಯ ವಿದ್ಯುತ್ ಹಿಂದಕ್ಕೆ ಹರಿದು ಡೈನಮೊವನ್ನು ಮೋಟಾರಿನಂತೆ ತಿರುಗಿಸಲು ನೋಡುತ್ತದೆ. ಇದನ್ನು ತಡೆಯಲು ಕಟೌಟ್. ಕಬ್ಬಿಣದ ತುಂಡಿಗೆ ಸುತ್ತಿದ ಎರಡು ಸುರುಳಿ: ತೆಳು ತಂತಿಯದು ವೋಲ್ಟೇಜನ್ನು ಗಮನಿಸುತ್ತದೆ, ದಪ್ಪ ತಂತಿಯದು ಪ್ರವಾಹದ ದಿಕ್ಕನ್ನು. ವೋಲ್ಟೇಜು ಸಾಕಷ್ಟಾದಾಗ ಪಾಯಿಂಟುಗಳು ಕೂಡುತ್ತವೆ. 12 ವೋಲ್ಟಿನ ಲೂಕಾಸ್ ಏರ್ಪಾಟಿನಲ್ಲಿ ಇದು ಸುಮಾರು 12.7ರಿಂದ 13.3 ವೋಲ್ಟಿನ ನಡುವೆ. ಪ್ರವಾಹ ಹಿಮ್ಮುಖವಾದ ಕೂಡಲೇ ಎರಡು ಸುರುಳಿಗಳು ಒಂದಕ್ಕೊಂದು ವಿರುದ್ಧವಾಗಿ, ಪಾಯಿಂಟುಗಳು ಬಿಡುತ್ತವೆ. ಇಡೀ ಏರ್ಪಾಟಿನಲ್ಲಿ ಇದರಷ್ಟು ಚಿಕ್ಕದೂ ಇದರಷ್ಟು ಹಾನಿ ಮಾಡಬಲ್ಲದ್ದೂ ಬೇರೊಂದಿಲ್ಲ.

ಪಾಯಿಂಟು ಕೂಡದಿದ್ದರೆ ಚಾರ್ಜಿಲ್ಲ, ಅಷ್ಟೇ. ಪಾಯಿಂಟು ಅಂಟಿಕೊಂಡರೆ ಅಪಾಯ. ಎಂಜಿನ್ ಆರಿಸಿದ ಮೇಲೂ ಆಮೀಟರಿನ ಮುಳ್ಳು ಡಿಸ್‌ಚಾರ್ಜ್ ಕಡೆಗೆ ಪೂರಾ ವಾಲಿರುತ್ತದೆ. ಬೆಲ್ಟು ಹಿಡಿದಿರುವುದರಿಂದ ಆರ್ಮೇಚರು ತಿರುಗಲಾರದೆ ನಿಂತಲ್ಲೇ ಕಾಯುತ್ತದೆ. ಡ್ರೈವರು ಚಹಾ ಕುಡಿದು ಬರುವಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ, ವಾರ್ನಿಷ್ ಹೊಗೆಯಾಡುತ್ತಿರುತ್ತದೆ. ಆ ಗಳಿಗೆಯ ಪರಿಹಾರ ಸರಳ: ಬ್ಯಾಟರಿಯ ಒಂದು ತಂತಿ ಕಳಚಿ, ಕಟೌಟಿನ ಮುಚ್ಚಳ ತೆಗೆದು, ಪಾಯಿಂಟು ಬಿಡಿಸುವುದು. ಶಾಶ್ವತ ಪರಿಹಾರ ಬೇಕೆಂದರೆ ಪಾಯಿಂಟು ಯಾಕೆ ಬೆಸೆದುಕೊಂಡಿತು ಎಂದು ಕೇಳಬೇಕು. ಅದಕ್ಕೆ ಬಹಳ ಸಲ ಸಿಗುವ ಉತ್ತರ ಡೈನಮೊದ ಧ್ರುವ ತಿರುವುಮುರುವಾದದ್ದು.

ಡೈನಮೊ ಮೊದಲು ವಿದ್ಯುತ್ ಹುಟ್ಟಿಸುವುದು ತನ್ನ ಕಬ್ಬಿಣದಲ್ಲಿ ಉಳಿದುಕೊಂಡ ಅಲ್ಪ ಕಾಂತತ್ವದಿಂದ. ಬಹಳ ದಿನ ನಿಂತರೆ, ಪೆಟ್ಟು ತಿಂದರೆ, ಕಾಯಿಲ್ ಹೊಸದಾಗಿ ಸುತ್ತಿಸಿದರೆ, ಬ್ಯಾಟರಿಯನ್ನು ಉಲ್ಟಾ ಜೋಡಿಸಿದರೆ ಆ ಕಾಂತತ್ವ ಅಳಿಯುತ್ತದೆ ಅಥವಾ ತಿರುವುಮುರುವಾಗುತ್ತದೆ. ಅಳಿದರೆ ಡೈನಮೊ ಏಳುವುದೇ ಇಲ್ಲ. ತಿರುವುಮುರುವಾದರೆ ಎರಡು ವೋಲ್ಟೇಜುಗಳು ಕೂಡಿಕೊಂಡು ಕಟೌಟ್ ಪಟಪಟ ಬಡಿದು, ಪಾಯಿಂಟುಗಳು ಕರಗಿ ಒಂದಾಗುತ್ತವೆ. ಮದ್ದು ಕ್ಷಣದ ಕೆಲಸ. ಲೂಕಾಸ್ ಡೈನಮೊವಾದರೆ ಫೀಲ್ಡಿನ ತಂತಿ ಕಳಚಿ, ಬ್ಯಾಟರಿಯ ಲೈವ್ ತಂತಿಯನ್ನು ಅದರ ಟರ್ಮಿನಲ್‌ಗೆ ಒಮ್ಮೆ ಮುಟ್ಟಿಸಿ ತೆಗೆಯುವುದು. ಅಮೆರಿಕದ ಡೈನಮೊಗಳಲ್ಲಿ ಹಲವಕ್ಕೆ ಕಟೌಟಿನ ಬ್ಯಾಟರಿ ಕಡೆಯಿಂದ ಡೈನಮೊ ಕಡೆಗೆ ಒಂದು ತುಂಡು ತಂತಿಯನ್ನು ಮುಟ್ಟಿಸುವುದು. ಎಂಜಿನ್ ನಿಂತಿರಬೇಕು, ಮುಟ್ಟಿಸಿದ್ದು ಕಿಡಿ ಹಾರುವಷ್ಟು ಹೊತ್ತು ಮಾತ್ರ ಇರಬೇಕು. ವಿಲ್ಲಿಸ್ ಜೀಪಿನಂತೆ ನೆಗೆಟಿವ್ ಅರ್ತೋ, ಮಾಡೆಲ್ ಎ ಫೋರ್ಡಿನಂತೆ ಪಾಸಿಟಿವ್ ಅರ್ತೋ ಎಂದು ಮೊದಲು ನೋಡಿಕೊಳ್ಳದೆ ಇದಕ್ಕೆ ಕೈ ಹಾಕಬಾರದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಬಂದ ಜೀಪುಗಳೂ ಬ್ರಿಟಿಷ್ ಕಾರುಗಳೂ ಒಂದೇ ಷೆಡ್ಡಿನಲ್ಲಿ ನಿಂತ ಕಾಲದಲ್ಲಿ ಈ ಗೊಂದಲಕ್ಕೆ ಬಲಿಯಾದ ಕಟೌಟುಗಳು ಕಡಿಮೆಯಲ್ಲ.

ಇಂದು ಹಳೆಯ ಗಾಡಿ ಕಾಪಾಡುವವರು ಕಟೌಟಿನ ಹಳೆಯ ಪೆಟ್ಟಿಗೆಯೊಳಗೇ ಒಂದು ಸಿಲಿಕಾನ್ ಡಯೋಡನ್ನು ಅಡಗಿಸುತ್ತಾರೆ. ಒಂದೇ ದಿಕ್ಕಿಗೆ ಪ್ರವಾಹ ಬಿಡುವ ಅದಕ್ಕೆ ಪಾಯಿಂಟಿಲ್ಲ, ಬೆಸೆದುಕೊಳ್ಳುವ ಭಯವಿಲ್ಲ, ಸುಮಾರು 0.7 ವೋಲ್ಟ್ ಮಾತ್ರ ನುಂಗುತ್ತದೆ. ರಾತ್ರಿಯಲ್ಲಿ ಬ್ಯಾಟರಿಯ ವಿದ್ಯುತ್ ಹಿಂದಕ್ಕೆ ಹರಿದು ಸೌರಫಲಕಕ್ಕೆ ಹೋಗದಂತೆ ಮನೆಯ ಸೋಲಾರ್ ದೀಪಗಳ ಪೆಟ್ಟಿಗೆಯಲ್ಲಿ ಕೂತಿರುವುದೂ ಇದೇ ಬಗೆಯ ತಡೆ. ಪಾವಗಡ ತಾಲ್ಲೂಕಿನ ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2018ರಿಂದ ವಿದ್ಯುತ್ ಕೊಡುತ್ತಿರುವ 2,050 ಮೆಗಾವಾಟಿನ ಸೌರ ಉದ್ಯಾನದ ಊರಿನಲ್ಲಿ ಕಟೌಟಿನ ತತ್ತ್ವವನ್ನು ವಿವರಿಸುವುದು ಈಗ ಕಷ್ಟವಲ್ಲ.

ಕಮ್ಯುಟೇಟರು ಮತ್ತು ಬ್ರಷ್ಷು

ಚಾರ್ಜಿಲ್ಲ ಎಂದು ಬರುವ ಡೈನಮೊದಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಬ್ರಷ್ಷು ಸವೆದು ಗಿಡ್ಡವಾಗಿದ್ದರೆ ಸ್ಪ್ರಿಂಗಿನ ಒತ್ತಡ ಮುಟ್ಟುವುದಿಲ್ಲ. ಹೋಲ್ಡರಿನಲ್ಲಿ ಎಣ್ಣೆ ಧೂಳು ಸೇರಿ ಬ್ರಷ್ಷು ಜಾರದೆ ಸಿಕ್ಕಿಕೊಂಡಿದ್ದರೂ ಫಲ ಅದೇ. ಬ್ರಷ್ಷು ಸಿಗದ ಊರಿನಲ್ಲಿ ಟಾರ್ಚ್ ಸೆಲ್ಲಿನ ಒಳಗಿನ ಕಪ್ಪು ಕಡ್ಡಿಯನ್ನು ತೇಯ್ದು ಕೂರಿಸುವ ಉಪಾಯ ಎಲ್ಲರಿಗೂ ಗೊತ್ತು. ಊರು ಮುಟ್ಟಲು ಅದು ಸಾಕು, ಅದಕ್ಕಿಂತ ಹೆಚ್ಚಿಗೆ ನೆಚ್ಚಬಾರದು. ಆ ಕಡ್ಡಿ ಗಡಸು, ಅದರ ರೋಧ ಹೆಚ್ಚು. ತಾಮ್ರವನ್ನು ಕೊರೆಯುತ್ತದೆ, ಕಿಡಿ ಹಾರಿಸುತ್ತದೆ.

ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ನಡುವೆ ಅಭ್ರಕದ ತೆಳು ಹಾಳೆ ಇರುತ್ತದೆ. ತಾಮ್ರ ಸವೆಯುತ್ತದೆ, ಅಭ್ರಕ ಸವೆಯುವುದಿಲ್ಲ. ಕೊನೆಗೆ ಅಭ್ರಕ ಎದ್ದು ನಿಂತು ಬ್ರಷ್ಷನ್ನು ಎತ್ತಿ ಎತ್ತಿ ಕುಣಿಸುತ್ತದೆ. ಲೇತಿನಲ್ಲಿ ಕಮ್ಯುಟೇಟರನ್ನು ತೆಳುವಾಗಿ ಕಡೆದು, ಅಂಚು ತೇಯ್ದ ಹ್ಯಾಕ್ಸಾ ಬ್ಲೇಡಿನಿಂದ ಅಭ್ರಕವನ್ನು ಒಂದು ಇಂಚಿನ 32ನೆಯ ಒಂದು ಭಾಗದಷ್ಟು, ಅಂದರೆ ಸುಮಾರು 0.8 ಮಿಲಿಮೀಟರು ಕೆಳಗಿಳಿಸಬೇಕು. ಗಾಲಿ ಮಣ್ಣೆಬ್ಬಿಸುವ ರಸ್ತೆಯಲ್ಲಿ ಆ ಸಂದುಗಳು ಕಾರ್ಬನ್ ಪುಡಿಯ ಜೊತೆ ಕೆಂಪು ಧೂಳನ್ನೂ ತುಂಬಿಕೊಳ್ಳುತ್ತಿದ್ದವು. ಅದಕ್ಕೆ ಬುಷ್ಷಿನಿಂದ ಸೋರಿದ ಎಣ್ಣೆ ಸೇರಿದರೆ ಪಟ್ಟಿಗಳ ನಡುವಿನ ಸಂದಿನಲ್ಲಿ ಕಪ್ಪು ಮುದ್ದೆ ಕಟ್ಟಿ ಶಾರ್ಟ್ ಆಗುತ್ತದೆ. ಪೆಟ್ರೋಲು ಅದ್ದಿದ ಬಟ್ಟೆಯಿಂದ ಒರೆಸಿ, ಮರಗೆಲಸದವರ ನಯವಾದ ಉಪ್ಪುಕಾಗದದಿಂದ ತಿಕ್ಕಿದರೆ ಎಷ್ಟೋ ಡೈನಮೊಗಳು ಅಲ್ಲೇ ಎದ್ದು ಕೂರುತ್ತವೆ. ಎಮರಿ ಹಾಳೆ ಮಾತ್ರ ಬೇಡ. ಅದರ ಗಡಸು ಕಣಗಳು ತಾಮ್ರದಲ್ಲಿ ನೆಟ್ಟುಕೊಂಡು ಹೊಸ ಬ್ರಷ್ಷನ್ನು ತಿಂದುಹಾಕುತ್ತವೆ.

ಈ ಸೀಮೆಯ ಜಯಮಂಗಲಿ ಹೊಳೆಗೆ ನೀರು ಬಂದಾಗ ಹಾಯ್ದು ದಾಟಿದ ಗಾಡಿಗಳ ಡೈನಮೊ ನೆನೆಯುವುದು ಇನ್ನೊಂದು ತೊಂದರೆ. ಒಣಗಿಸದೆ ಓಡಿಸಿದರೆ ಹತ್ತಿ ಹೊದಿಕೆಯ ಹಳೆಯ ಕಾಯಿಲು ಬಾಡಿ ಶಾರ್ಟ್ ಆಗುತ್ತದೆ. ಬಿಚ್ಚಿ ಬಿಸಿಲಿಗಿಟ್ಟರೆ ನಮ್ಮ ಬೇಸಿಗೆ ಆ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ.

ದೋಷ ಹುಡುಕುವ ಕ್ರಮ

1930ರ ದಶಕದ ನಡುವಿನಲ್ಲಿ ಲೂಕಾಸ್ ಕಂಪನಿ ಮೂರನೆಯ ಬ್ರಷ್ಷನ್ನು ಕೈಬಿಟ್ಟು, ಅದುರುವ ಪಾಯಿಂಟಿನ ವೋಲ್ಟೇಜ್ ನಿಯಂತ್ರಕವನ್ನು ತಂದಿತು. ವೋಲ್ಟೇಜು ಮಿತಿ ಮೀರಿದಾಗ ಪಾಯಿಂಟು ಬಿಟ್ಟು ಫೀಲ್ಡಿನ ದಾರಿಗೆ ಒಂದು ರೆಸಿಸ್ಟೆನ್ಸ್ ಸೇರುತ್ತದೆ. ಇಳಿದಾಗ ಮತ್ತೆ ಕೂಡುತ್ತದೆ. ಸೆಕೆಂಡಿಗೆ ಹಲವು ಬಾರಿ ಇದು ನಡೆಯುತ್ತದೆ. ಬ್ಯಾಟರಿ ತುಂಬಿದಂತೆ ಚಾರ್ಜು ತಾನೇ ಇಳಿಯುವುದರಿಂದ ಹಗಲಲ್ಲಿ ದೀಪ ಹಚ್ಚಿಕೊಂಡು ಹೋಗುವ ಅಗತ್ಯ ತಪ್ಪಿತು. ಜೊತೆಗೆ ದುರಸ್ತಿಗಾರನ ಮುಂದೆ ಹೊಸ ಪ್ರಶ್ನೆಯೂ ಬಂತು: ಕೆಟ್ಟದ್ದು ಡೈನಮೊವೋ ಪೆಟ್ಟಿಗೆಯೋ?

ಇದನ್ನು ಬಿಡಿಸುವ ಪರೀಕ್ಷೆ ಅಂಬಾಸಿಡರ್ ಕಾರು ಬಿಚ್ಚಿದ ಎಲ್ಲ ಎಲೆಕ್ಟ್ರಿಷಿಯನ್ನರಿಗೂ ಬಾಯಿಪಾಠ. ಡೈನಮೊದ ಎರಡೂ ತಂತಿ ಕಳಚಿ, ಅದರ ಡಿ ಮತ್ತು ಎಫ್ ಟರ್ಮಿನಲ್‌ಗಳನ್ನು ಒಂದಕ್ಕೊಂದು ಸೇರಿಸಿ, ಅಲ್ಲಿಂದ ಬಾಡಿಗೆ ವೋಲ್ಟ್‌ಮೀಟರು ಹಿಡಿದು ಎಂಜಿನ್ನನ್ನು ನಿಧಾನಕ್ಕೆ ಏರಿಸಬೇಕು. ಮುಳ್ಳು ತಡವರಿಸದೆ ಸರಸರ ಏರಿದರೆ ಡೈನಮೊ ಸರಿ; 20 ವೋಲ್ಟ್ ಮುಟ್ಟುವ ಮುಂಚೆ ನಿಲ್ಲಿಸಬೇಕು. ಮುಳ್ಳು ಅಲುಗದಿದ್ದರೆ ಬ್ರಷ್ಷು ನೋಡಿ. ಅರ್ಧದಿಂದ ಒಂದು ವೋಲ್ಟಿನಲ್ಲೇ ನಿಂತರೆ ಫೀಲ್ಡ್ ಕಾಯಿಲ್ ಅನುಮಾನಾಸ್ಪದ. ಬರಬೇಕಾದದ್ದರ ಅರ್ಧದಷ್ಟು ಬಂದು ನಿಂತರೆ ಆರ್ಮೇಚರು. ಆ ಕಾಲದ ಲೂಕಾಸ್ ಡೈನಮೊದ ಫೀಲ್ಡಿನ ರೋಧ ಸುಮಾರು 6 ಓಮ್ ಇರಬೇಕು. ತೀರ ಕಡಿಮೆ ಬಂದರೆ ಒಳಗೆ ಶಾರ್ಟ್. ಬೆಲ್ಟು ಬಿಚ್ಚಿ, ಅದೇ ಎರಡು ಟರ್ಮಿನಲ್‌ಗೆ ಬ್ಯಾಟರಿ ಕೊಟ್ಟರೆ ಒಳ್ಳೆಯ ಡೈನಮೊ ಮೋಟಾರಿನಂತೆ ತಿರುಗುತ್ತದೆ. ಮೀಟರೇ ಇಲ್ಲದ ರಸ್ತೆಬದಿಯಲ್ಲಿ ಇದಕ್ಕಿಂತ ನಂಬಿಕೆಯ ಪರೀಕ್ಷೆ ಇಲ್ಲ.

ಆರ್ಮೇಚರಿನೊಳಗಿನ ಶಾರ್ಟನ್ನು ಗ್ರೌಲರ್ ಎಂಬ ಉಪಕರಣದಿಂದ ಹಿಡಿಯುತ್ತಾರೆ. ಅದರ ಕವಲಿನ ಮೇಲೆ ಆರ್ಮೇಚರಿಟ್ಟು ತಿರುಗಿಸುತ್ತ ಹ್ಯಾಕ್ಸಾ ಬ್ಲೇಡು ಹಿಡಿದರೆ, ಶಾರ್ಟ್ ಆದ ಸುತ್ತಿನ ಮೇಲೆ ಬ್ಲೇಡು ಗರಗರ ನಡುಗುತ್ತದೆ. ಆದರೆ ಗ್ರೌಲರಿಗೆ ಪರ್ಯಾಯ ವಿದ್ಯುತ್ ಬೇಕು. ಅದಿಲ್ಲದ ಊರಿನಲ್ಲಿ ಬ್ಯಾಟರಿಯಿಂದ ಆರ್ಮೇಚರಿಗೆ ಪ್ರವಾಹ ಕೊಟ್ಟು, ಕಮ್ಯುಟೇಟರಿನ ಒಂದೊಂದು ಜೋಡಿ ಪಟ್ಟಿಯ ನಡುವಿನ ವೋಲ್ಟೇಜು ಅಳೆಯುವುದೇ ದಾರಿ. ನಿಧಾನದ ಕೆಲಸ, ಆದರೆ ಸುಳ್ಳು ಹೇಳುವುದಿಲ್ಲ.

ನಿಯಂತ್ರಕದ ಪೆಟ್ಟಿಗೆಯ ಬಗ್ಗೆ ಹೇಳಬೇಕಾದ್ದು ಕಡಿಮೆ. ಪಾಯಿಂಟು ಕಪ್ಪಾಗಿದ್ದರೆ ನಯವಾದ ಕಲ್ಲಿನಿಂದ ತಿಕ್ಕಿ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಪೆಟ್ಟಿಗೆಯ ಅರ್ತ್ ಸ್ಕ್ರೂ ಬಿಗಿಯಾಗಿರಬೇಕು. ಅದು ಸಡಿಲವಾದರೆ ಪೆಟ್ಟಿಗೆಗೆ ಸರಿಯಾದ ವೋಲ್ಟೇಜು ತಿಳಿಯುವುದಿಲ್ಲ. ಫೀಲ್ಡನ್ನು ಬಿಗಿಹಿಡಿದೇ ಇರುತ್ತದೆ, ಡೈನಮೊ ಸುಡುತ್ತದೆ. ಮುಚ್ಚಳ ತೆಗೆದು ಅಡ್ಜಸ್ಟ್ ಸ್ಕ್ರೂ ತಿರುಗಿಸುವ ಚಪಲ ಬಹುಮಂದಿಗೆ ಇರುತ್ತದೆ. ವೋಲ್ಟ್‌ಮೀಟರಿಲ್ಲದೆ ಅದನ್ನು ತಿರುಗಿಸುವುದು ದುರಸ್ತಿಯಲ್ಲ.

ಬುಷ್, ಬೆಲ್ಟು, ಮ್ಯಾಗ್ನೆಟೊ

ಹಿಂತುದಿಯ ಕಂಚಿನ ಬುಷ್ ಸವೆದರೆ ಆರ್ಮೇಚರು ಫೀಲ್ಡಿನ ಕಬ್ಬಿಣಕ್ಕೆ ಉಜ್ಜತೊಡಗುತ್ತದೆ. ಅದನ್ನು ಸವೆಸುವುದು ಬಹುಪಾಲು ವಿಪರೀತ ಬಿಗಿದ ಫ್ಯಾನ್ ಬೆಲ್ಟು. ಹೊಸ ಬುಷ್ಷನ್ನು ತೆಳು ಎಂಜಿನ್ ಎಣ್ಣೆಯಲ್ಲಿ ಒಂದು ದಿನ ನೆನೆಸಿಯೇ ಕೂರಿಸಬೇಕು. ಆಮೇಲೆ ಅಪರೂಪಕ್ಕೆ ಕೆಲವು ತೊಟ್ಟು ಸಾಕು.

ಮ್ಯಾಗ್ನೆಟೊದ ಎರಡು ಕಾಯಿಲೆಗಳೂ ಇಲ್ಲಿ ಹೇಳತಕ್ಕವೇ. ಮೊದಲ ಕಾಲದ ಟಂಗ್‌ಸ್ಟನ್ ಉಕ್ಕಿನ ಕಾಂತಗಳು ವರ್ಷಗಳುರುಳಿದಂತೆ ಸೊರಗುತ್ತಿದ್ದವು. ಬಲವಾದ ವಿದ್ಯುತ್ಕಾಂತದ ನಡುವೆ ಹಿಡಿದು ಮತ್ತೆ ಜೀವ ತುಂಬಬೇಕಿತ್ತು. 1917ರಲ್ಲಿ ಜಪಾನಿನ ಕೊತಾರೊ ಹೊಂಡಾ ಕೋಬಾಲ್ಟ್ ಉಕ್ಕಿನ ಕಾಂತವನ್ನೂ, 1930ರ ದಶಕದಲ್ಲಿ ಮಿಶಿಮಾ ಅಲ್ಯುಮಿನಿಯಂ ನಿಕಲ್ ಬೆರೆತ ಕಾಂತವನ್ನೂ ತಂದ ಮೇಲೆ ಈ ತೊಂದರೆ ತಗ್ಗಿತು. ಇನ್ನೊಂದು, ಕಾಯಿಲಿಗೆ ಬಳಿದ ಅರಗಿನ ವಾರ್ನಿಷ್. ನಮ್ಮ ಬಿಸಿಲಿಗೂ ಎಂಜಿನ್ನಿನ ಕಾವಿಗೂ ಅರಗು ಮೆತ್ತಗಾಗಿ ಹೊರಗೆ ಒಸರಿ, ಆರಿದಾಗ ಆರ್ಮೇಚರನ್ನು ಅಂಟಿಸಿಬಿಡುತ್ತದೆ.

ಬಿಡಿಭಾಗಗಳೂ ಸುತ್ತುವ ಅಂಗಡಿಗಳೂ

ಸ್ವಾತಂತ್ರ್ಯಪೂರ್ವದಲ್ಲಿ ಡೈನಮೊದ ಒಂದೊಂದು ಭಾಗವೂ ಹಡಗಿನಲ್ಲಿ ಬರಬೇಕಿತ್ತು. ಜನರಲ್ ಮೋಟಾರ್ಸ್ ಕಂಪನಿ 1928ರಲ್ಲಿ ಮುಂಬಯಿಯಲ್ಲಿ ಗಾಡಿಗಳನ್ನು ಜೋಡಿಸತೊಡಗಿದರೂ ಡೈನಮೊ ಇಲ್ಲಿ ತಯಾರಾಗುತ್ತಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯುರೋಪ್ ಅಮೆರಿಕಗಳ ಕಾರ್ಖಾನೆ ನೋಡಿಬಂದು ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದ್ದರು. ಮೈಸೂರು ಸಂಸ್ಥಾನ ಅದಕ್ಕೆ ಒಲವು ತೋರಿದರೂ ಬ್ರಿಟಿಷ್ ಭಾರತ ಸರ್ಕಾರದ ಅಡ್ಡಿಯಿಂದ ಅದು ಕೈಗೂಡಲಿಲ್ಲ. ಜೊತೆಗಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಬೆಂಗಳೂರಿನಲ್ಲಿ ಮೈಕೊ ಕಾರ್ಖಾನೆ 1951ರಲ್ಲಿ ಸ್ಥಾಪನೆಯಾಗಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪುಗಳಿಗೆ ಹೆಸರಾಯಿತು. ಮದರಾಸಿನ ಪಾಡಿಯಲ್ಲಿ ಲೂಕಾಸ್ ಟಿವಿಎಸ್ 1961ರಲ್ಲಿ ಸ್ಥಾಪನೆಯಾದ ಮೇಲೆ ಡೈನಮೊಗಾಗಿ ಪರದೇಶದ ಮುಖ ನೋಡುವುದು ತಪ್ಪಿತು.

ಅಲ್ಲಿಯವರೆಗೆ ಹೊಸದು ಹಾಕುವುದಕ್ಕಿಂತ ಹಳೆಯದನ್ನು ಸುತ್ತುವುದೇ ರೂಢಿ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾದ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಗೆ ತನ್ನದೇ ಕಾರ್ಯಾಗಾರಗಳಿದ್ದವು. ಮಧುಗಿರಿ ಪಾವಗಡ ಕಡೆಯ ಖಾಸಗಿ ಬಸ್ಸಿನ ಮಾಲೀಕರಿಗೆ ಬಸ್‌ಸ್ಟ್ಯಾಂಡಿನ ಬದಿಯ ಬ್ಯಾಟರಿ ಅಂಗಡಿಯೇ ಕಾರ್ಯಾಗಾರ. ಸುತ್ತುವ ವಿದ್ಯೆ ಡೈನಮೊ ಜೊತೆಗೆ ಸಾಯಲಿಲ್ಲ. ಕೊಳವೆಬಾವಿಗಳು ಬಂದಾಗ ಅದೇ ಕೈಗಳು ಪಂಪ್‌ಸೆಟ್ ಮೋಟಾರು ಸುತ್ತತೊಡಗಿದವು. ಈಗಲೂ ಈ ತಾಲ್ಲೂಕುಗಳ ಯಾವ ಪೇಟೆಗೆ ಹೋದರೂ ಮೋಟಾರ್ ವೈಂಡಿಂಗ್ ಎಂಬ ಬೋರ್ಡು ಕಾಣುತ್ತದೆ. ರೈತ ತರುವುದು ಸುಟ್ಟ ಕಾಯಿಲನ್ನು. ಸುಡಿಸಿದ್ದು ಹಲವು ಸಲ ಲೈನಿನ ಕೊನೆಯ ಕಡಿಮೆ ವೋಲ್ಟೇಜು ಅಥವಾ ಕೈಕೊಟ್ಟ ಒಂದು ಫೇಸು. ಸುತ್ತುವವನು ಅದನ್ನು ಸರಿಮಾಡಲಾರ, ಹಾಗಾಗಿ ಮೋಟಾರು ಮತ್ತೆ ಬರುತ್ತದೆ.

ಆಲ್ಟರ್ನೇಟರ್ ಬಂದ ಮೇಲೆ

ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರನ್ನು ಕಾಯಂ ಸಜ್ಜಾಗಿ ಕೊಟ್ಟಿತು. ಅದರಲ್ಲಿ ವಿದ್ಯುತ್ ಹುಟ್ಟುವುದು ನಿಂತ ಸುರುಳಿಯಲ್ಲಿ. ಬ್ರಷ್ಷುಗಳು ಹೊರುವುದು ಫೀಲ್ಡಿನ ಕೆಲವೇ ಆಂಪಿಯರು. ಸಿಲಿಕಾನ್ ಡಯೋಡುಗಳು ಕಮ್ಯುಟೇಟರಿನ ಕೆಲಸ, ಕಟೌಟಿನ ಕೆಲಸ ಎರಡನ್ನೂ ಮಾಡುತ್ತವೆ. ಎಂಜಿನ್ ನಿಧಾನವಾಗಿ ತಿರುಗುವಾಗಲೂ ಚಾರ್ಜು ಸಿಗುತ್ತದೆ. ದಿನಾ ಓಡುವ ಗಾಡಿಗೆ ಇದೇ ಉತ್ತಮ ಎಂಬುದರಲ್ಲಿ ಎರಡು ಮಾತಿಲ್ಲ. ಸಂರಕ್ಷಿಸಿಟ್ಟ ಹಳೆಯ ಜೀಪು, ಅಂಬಾಸಿಡರು, ಫಿಯೆಟ್ಟುಗಳಿಗೂ ಆಲ್ಟರ್ನೇಟರ್ ಹಾಕಿಸಿಬಿಡುವ ಅವಸರ ಮಾತ್ರ ಬೇಕಿಲ್ಲ. ವಾರಕ್ಕೊಮ್ಮೆ ಹೊರಬರುವ ಗಾಡಿಗೆ 22 ಆಂಪಿಯರಿನ ಲೂಕಾಸ್ ಡೈನಮೊ ಧಾರಾಳ. ಬ್ಯಾಟರಿ ಟರ್ಮಿನಲ್, ಅರ್ತ್ ತಂತಿ, ಬ್ರಷ್ಷು, ಬೆಲ್ಟು ಈ ನಾಲ್ಕನ್ನು ನೋಡಿಕೊಂಡರೆ ಅದು ಕೈಕೊಡುವುದು ಅಪರೂಪ.

ಡೈನಮೊ ಕಾಲದ ಗಾಡಿಗಳನ್ನು ಕಣ್ಣಾರೆ ನೋಡಬಯಸುವವರಿಗೆ ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ 'ಪಯಣ' ವಸ್ತುಸಂಗ್ರಹಾಲಯ 2023ರಿಂದ ತೆರೆದಿದೆ.